ಲಿಫ್ಟಿನವರೆಗೂ ವಾಸನೆ

“ಬ್ಯಾಗ್ ಎಲ್ಲಿ ಮಾರಾಯ್ತಿ?” ಎಂದು ಪೈಯಸ್ ಕೇಳಿದ್ದು ರೈಲು ಲಂಡನ್ನಿನ ವೆಸ್ಟ್‌ಹ್ಯಾಮ್ ಬಿಟ್ಟ ಮೇಲೆ.

“ಯಾವ ಬ್ಯಾಗ್?” ಎಂದಳು ಬೀಟ್ರಿಸ್, ಕಿಟಕಿಯಿಂದ ಮುಖ ತಿರುಗಿಸದೆ.

“ಯಾವ ಬ್ಯಾಗ್ ಅಂತ ಕೇಳ್ತಾಳೆ ನೋಡು! ಕುಬೆ ತರುವ ಬ್ಯಾಗ್. ಐಸ್ ಹಾಕುವ ನೀಲಿಯದ್ದು.”

“ಮರೆತು ಹೋಯ್ತು.”

ಅಪ್ಪಟ ಸುಳ್ಳು. ಬೆಳಿಗ್ಗೆ ಎದ್ದ ಕೂಡಲೇ ಅವಳು ಮಾಡಿದ ಮೊದಲ ಕೆಲಸವೆಂದರೆ ಆ ನೀಲಿ ಬ್ಯಾಗನ್ನು ಮಡಚಿ ವಾಷಿಂಗ್ ಮೆಷಿನ್ನಿನ ಹಿಂದಿನ ಸಂದಿಗೆ ತುರುಕಿದ್ದು. ಬ್ಯಾಗ್ ಇಲ್ಲದಿದ್ದರೆ ಕುಬೆ ಎಂಬ ಚಿಪ್ಪುಮೀನು ಮನೆಗೆ ಬರುವುದಿಲ್ಲ, ಕುಬೆ ಬರದಿದ್ದರೆ ಕಾಯಿಮಸಾಲೆಯ ಸುಕ್ಕ ಮಾಡುವ ಮಾತೇ ಇಲ್ಲ. ಎದುರು ಸೀಟಿನಲ್ಲಿದ್ದ ಸೊಸೆ ಗೌತಮಿ ಅತ್ತೆಯ ಮುಖವನ್ನೊಮ್ಮೆ, ಮಾವನ ಮುಖವನ್ನೊಮ್ಮೆ ನೋಡಿದಳು. ಪೈಯಸ್ ಈಗ ಬೊಬ್ಬೆ ಹಾಕುತ್ತಾನೆ ಎಂದುಕೊಂಡರೆ ಅವನು “ಹೋಗ್ಲಿ ಬಿಡು” ಎಂದು ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಕೂತುಬಿಟ್ಟ. ಜುಲೈ ತಿಂಗಳ ಸೆಕೆಯಲ್ಲಿ ಜಾಕೆಟ್ ಯಾಕೆಂದು ಯಾರಿಗೂ ಹೊಳೆಯಲಿಲ್ಲ.

ಗಂಡಹೆಂಡತಿ ಇಬ್ಬರೇ ಇದ್ದರೆ ಮಾತು ಕೊಂಕಣಿಯಲ್ಲಿ. ಗೌತಮಿ ಬಂದರೆ ಕನ್ನಡ. ಅದೊಂದು ಆ ಮನೆಯ ಅಲಿಖಿತ ಕಟ್ಟಳೆ. ಮಗ ಆಲನ್ ಈ ಹುಡುಗಿಯನ್ನು ಮೊದಲ ಸಲ ಸ್ಟ್ರಾಟ್‌ಫರ್ಡ್‌ನ ಫ್ಲಾಟಿಗೆ ಕರೆತಂದ ದಿನದಿಂದ ಹಾಗೆಯೇ ನಡೆದಿದೆ. ಅವಳು ದಾವಣಗೆರೆಯ ನಾಗಲಿಂಗಪ್ಪನವರ ಮಗಳು, ಲಿಂಗಾಯತರ ಮನೆಯವಳು, ಮೊಟ್ಟೆ ಕೂಡ ಮುಟ್ಟದವಳು. ಆ ಮೊದಲ ರಾತ್ರಿ ಊಟಕ್ಕೆ ಕೂತಾಗ ಬೀಟ್ರಿಸ್ ಉಪಚಾರಕ್ಕೆಂದು, “ನಿಂಗೆ ಕುಬೆ ಆಗ್ತದಾ?” ಎಂದು ಕೇಳಿದ್ದಳು. ಹುಡುಗಿ ಬೆಚ್ಚಿಬಿದ್ದು, ಆಮೇಲೆ ಬಹಳ ಗಾಂಭೀರ್ಯದಿಂದ, “ನಮ್ಮನೇಲಿ ಗೂಬೆ ಏನು, ಕೋಳಿನೂ ತಿನ್ನಲ್ಲ ಆಂಟಿ” ಎಂದಳು. ಪೈಯಸ್‌ನ ಗಂಟಲಲ್ಲಿ ನೀರು ಸಿಕ್ಕಿಕೊಂಡು, ಆಲನ್ ಅವನ ಬೆನ್ನಿಗೆ ಗುದ್ದಬೇಕಾಯಿತು. ಅಂದಿನಿಂದ ಆ ಮನೆಯಲ್ಲಿ ಕುಬೆ ಸುಕ್ಕಕ್ಕೆ ಗೂಬೆ ಸುಕ್ಕ ಎಂದೇ ಹೆಸರು.

ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಲೀ ಎಂಬ ಊರಿದೆ. ಬೇಸಿಗೆ ಬಂತೆಂದರೆ ಅಲ್ಲಿಯ ದೋಣಿಗಳು ಕಾಕಲ್ಸ್ ಎಂಬ ಸಣ್ಣ ಚಿಪ್ಪಿನ ಜೀವಗಳನ್ನು ರಾಶಿ ರಾಶಿ ಬಾಚಿ ತರುತ್ತವೆ. ಇಂಗ್ಲಿಷರು ಅವನ್ನು ಬೇಯಿಸಿ, ವಿನೆಗರ್ ಸುರಿದು, ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ಕಡ್ಡಿಯಲ್ಲಿ ಚುಚ್ಚಿ ತಿನ್ನುತ್ತಾರೆ. ಇವರಿಬ್ಬರ ಪಾಲಿಗೆ ಅದು ಕಾಕಲ್ಸ್ ಅಲ್ಲ. ಉಡುಪಿ ಪಕ್ಕದ ಕಲ್ಯಾಣಪುರದ ಹೊಳೆಯಲ್ಲಿ, ನೀರಿಳಿದ ಹೊತ್ತಿಗೆ ಕಾಲ್ಬೆರಳಲ್ಲಿ ತಡಕಿ ಹೆಕ್ಕುತ್ತಿದ್ದ ಕುಬೆಯೇ ಅದು. ಬೀಟ್ರಿಸ್ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಬಂದ ಹೊಸದರಲ್ಲಿ, ಅವಳ ವಾರ್ಡಿನಲ್ಲಿ ಮಲಗಿದ್ದ ಒಬ್ಬ ಅಜ್ಜಿ ಲೀಯ ಸುದ್ದಿ ಹೇಳಿದ್ದಳು. ಆ ಬೇಸಿಗೆಯಿಂದ ವರ್ಷಕ್ಕೊಂದು ಸಲ ಈ ರೈಲು ಹತ್ತುವುದು, ಅಲ್ಲಿ ಒಂದೊಂದು ಡಬ್ಬಿ ತಿನ್ನುವುದು, ಬ್ಯಾಗ್ ತುಂಬ ಮನೆಗೆ ತಂದು ಅದೇ ಸಂಜೆ ಸುಕ್ಕ ಮಾಡುವುದು ನಡೆದುಬಂದಿತ್ತು.

ಒಂದೇ ಒಂದು ಕೊರತೆಯೆಂದರೆ ಅಲ್ಲಿ ಮಾರುವುದು ಬೇಯಿಸಿ ಬಿಡಿಸಿದ ಮಾಂಸವನ್ನು ಮಾತ್ರ. “ಚಿಪ್ಪಿಲ್ಲದ ಕುಬೆ ಎಂಥ ಕುಬೆ? ಚೀಪಲಿಕ್ಕೆ ಇಲ್ಲ, ಶಬ್ದ ಇಲ್ಲ” ಎಂದು ಪೈಯಸ್ ಮೊದಲ ವರ್ಷವೇ ಗೊಣಗಿದ್ದ. ಮರುವರ್ಷ ಬೀಟ್ರಿಸ್ ಅಲ್ಲಿಯ ದಂಡೆಯಲ್ಲಿ ಬಿದ್ದಿದ್ದ ಖಾಲಿ ಚಿಪ್ಪುಗಳನ್ನು ಹೆಕ್ಕಿ ತಂದು, ಕುದಿಸಿ ತೊಳೆದು, ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ ತುಂಬಿಸಿಟ್ಟಳು. ಪ್ರತಿ ಬೇಸಿಗೆಯೂ ಆ ಚಿಪ್ಪುಗಳು ಹೊರಬಂದು, ಮಸಾಲೆಯಲ್ಲಿ ಹೊರಳಿ, ಪೈಯಸ್‌ನ ತಟ್ಟೆ ಸೇರಿ, ತೊಳೆಸಿಕೊಂಡು ಮತ್ತೆ ಡಬ್ಬಿಗೆ ಹೋಗುತ್ತವೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಪೈಯಸ್‌ಗೆ ಚೀಪಲಿಕ್ಕೆ ಚಿಪ್ಪು ಸಿಕ್ಕಿತಲ್ಲ.

ರೈಲು ಬಾರ್ಕಿಂಗ್ ದಾಟಿತು. ಬೀಟ್ರಿಸ್ ಕಿಟಕಿಯ ಗಾಜಿಗೆ ಹಣೆಯಾನಿಸಿದಳು. ಹೋದ ವರ್ಷಕ್ಕಿಂತ ಹಿಂದಿನ ಚಳಿಗಾಲದಲ್ಲಿ ಅವಳಿಗೊಂದು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯುತ್ತಿತ್ತು. ಉಳಿದದ್ದೆಲ್ಲ ಮಾಯ. ಕಾಫಿ ಬರೀ ಬಿಸಿ ನೀರು, ಸೋಪು ಬರೀ ನುಣುಪು. ಜಿಪಿ ಡಾಕ್ಟರು ಹೇಳಿದ್ದು, ತಾನಾಗಿ ವಾಪಸ್ ಬಂದರೂ ಬಂದೀತು, ಬಾರದಿದ್ದರೂ ಇಲ್ಲ ಎಂದು. ಬೀಟ್ರಿಸ್ ಯಾರಿಗೂ ಹೇಳಲಿಲ್ಲ. ಅಮ್ಮನಿಂದ ಅವಳು ಅಡುಗೆ ಕಲಿತದ್ದೇ ಮೂಗಿನಿಂದ. ಕೊತ್ತಂಬರಿ ಯಾವಾಗ ಹುರಿದಾಯಿತು, ಕಾಯಿ ಯಾವಾಗ ಕೆಂಪಾಯಿತು ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದವಳು, ಇನ್ನು ನನಗೆ ಮೂಗಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಹೋದ ಬೇಸಿಗೆಯಲ್ಲಿ ಧೈರ್ಯ ಮಾಡಿ ಕಣ್ಣಂದಾಜಿನಲ್ಲಿ, ಕಿವಿಯಂದಾಜಿನಲ್ಲಿ ಸುಕ್ಕ ಮಾಡಿದ್ದಳು. ಎಜ್‌ವೇರಿನ ತಮ್ಮ ಮನೆಯಿಂದ ಆಲನ್ ಮತ್ತು ಗೌತಮಿ ಊಟಕ್ಕೆ ಬಂದರು. ಗೌತಮಿ ಬಾಗಿಲಲ್ಲಿ ಶೂ ಬಿಚ್ಚುತ್ತ, “ಅತ್ತೆ, ಲಿಫ್ಟ್‌ವರೆಗೂ ವಾಸನೆ ಬರ್ತಿದೆ!” ಎಂದಳು.

ವಾಸನೆ. ಆ ಒಂದು ಶಬ್ದ ಬೀಟ್ರಿಸ್‌ಳ ಎದೆಗೆ ಸರಿಯಾಗಿ ಬಂದು ಚುಚ್ಚಿತು. ಆದರೂ ಸೊಸೆ ಹುಲ್ಲು ತಿನ್ನುವವಳು, ಮೀನಿನ ಮನೆ ಅವಳಿಗೆ ಹಾಗೆಯೇ ಕಾಣುವುದು ಸಹಜ ಎಂದು ಸಮಾಧಾನ ಮಾಡಿಕೊಂಡಳು. ಆದರೆ ಪೈಯಸ್? ಆ ಮನುಷ್ಯ ಇಡೀ ದಿನ ವಟವಟ ಮಾತಾಡುತ್ತಾನೆ; ತಟ್ಟೆಯಲ್ಲಿದ್ದದ್ದು ರುಚಿಯಾಗಿದ್ದರೆ ಮಾತ್ರ ಬಾಯಿಗೆ ಬೀಗ ಬೀಳುತ್ತದೆ. ಮದುವೆಯಾದಾಗಿನಿಂದ ಒಂದು ದಿನವೂ ಹೆಂಡತಿಯ ಅಡುಗೆಯನ್ನು ಹೊಗಳಿದವನಲ್ಲ. ಅಂಥವನು ಅಂದು ಒಂದು ತುತ್ತು ಬಾಯಿಗಿಟ್ಟು ಅಗಿಯುವ ಮೊದಲೇ, “ಲಾಯ್ಕ್ ಆಗಿದೆ ಬೀಟ್ರಿಸ್, ಭಾರೀ ಲಾಯ್ಕ್!” ಎಂದುಬಿಟ್ಟ. ಅಲ್ಲಿಗೆ ಬೀಟ್ರಿಸ್‌ಗೆ ಖಾತ್ರಿಯಾಯಿತು, ಅಡುಗೆ ಕೆಟ್ಟಿದೆ.

ಆಮೇಲೆ ಅವನು ನಿಲ್ಲಿಸಲೇ ಇಲ್ಲ. ಗಂಜಿ ಲಾಯ್ಕ್, ಆಮ್ಲೆಟ್ ಲಾಯ್ಕ್, ಅಂಗಡಿಯಿಂದ ತಂದ ಬ್ರೆಡ್ ಸುಟ್ಟುಕೊಟ್ಟರೆ ಅದೂ ಲಾಯ್ಕ್. ಪ್ರತಿ ಹೊಗಳಿಕೆಗೂ ಬೀಟ್ರಿಸ್ ಒಂದೊಂದು ಅಡುಗೆ ಬಿಡುತ್ತ ಬಂದಳು. ಮೀನು ಹುರಿಯುವುದು ನಿಂತಿತು, ಮಸಾಲೆ ಹುರಿಯುವುದು ನಿಂತಿತು. ಮೊನ್ನೆ ಜೂನಿನಲ್ಲಿ, “ಈ ವರ್ಷ ಸುಕ್ಕ ಬೇಡ. ಅಷ್ಟು ಬೇಕಾದ್ರೆ ಟೂಟಿಂಗಿನ ಹೋಟೆಲಿಂದ ತರಿಸುವ” ಎಂದಳು. ಅವನು “ಆಯ್ತು” ಎಂದ. ಒಂದು ಮಾತಿಗಾದರೂ ಹೋಟೆಲಿನದ್ದು ಬೇಡ ಅನ್ನಬಾರದೇ ಎಂದು ಅವಳಿಗೆ ಆ ಇಡೀ ವಾರ ದುಃಖವಿತ್ತು.

“ಅತ್ತೆ, ನೀರು ಕಾಣಿಸ್ತಿದೆ!” ಎಂದಳು ಗೌತಮಿ.

ಆಲನ್‌ಗೆ ಶನಿವಾರವೂ ಆಫೀಸಿನ ಕೆಲಸವಿತ್ತು. ನಾನೊಬ್ಬಳೇ ಮನೆಯಲ್ಲಿ ಏನು ಮಾಡಲಿ, ಗೂಬೆಯ ಊರು ನೋಡಿದ ಹಾಗಾಯಿತು ಎಂದು ಗೌತಮಿ ತಾನಾಗಿ ಹೊರಟುಬಂದಿದ್ದಳು. ಬೆನ್‌ಫ್ಲೀಟ್ ದಾಟಿದ ಮೇಲೆ ರೈಲು ಜೌಗಿನ ಅಂಚಿನಲ್ಲೇ ಓಡುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣ್ಣು ಹರಿಯುವಷ್ಟು ದೂರ ಬೂದುಬಣ್ಣದ ಕೆಸರು, ಅದರಾಚೆ ನೀರಿನ ಗೆರೆ. ಪೈಯಸ್ ಸೀಟಿನಿಂದೆದ್ದು ನಿಂತು, ಯಾವ ದೋಣಿ ಯಾಕೆ ಬಂತು ಎಂದು ಸೊಸೆಗೆ ವಿವರಿಸತೊಡಗಿದ. ಅರ್ಧಕ್ಕರ್ಧ ಅವನೇ ಕಟ್ಟಿದ ಕಥೆ. ಗೌತಮಿ ಎಲ್ಲಕ್ಕೂ ತಲೆಯಾಡಿಸಿದಳು.

ಲೀಯ ಹಳೆ ಊರು ಎಂದರೆ ಒಂದೇ ಒಂದು ಬೀದಿ. ನೀರಿನ ಪಕ್ಕದಲ್ಲಿ ಹಲಗೆ ಹೊಡೆದ ಕಪ್ಪು ಅಂಗಡಿಗಳ ಸಾಲು, ಒಳಗಿನಿಂದ ಕುದಿಯುವ ಹಬೆ, ಕಾಲಡಿಯಲ್ಲಿ ಪುಡಿಯಾದ ಚಿಪ್ಪು. ಇಳಿತದ ಹೊತ್ತು. ದೋಣಿಗಳೆಲ್ಲ ಕೆಸರಿನ ಮೇಲೆ ಒಂದು ಮಗ್ಗುಲಿಗೆ ಮಲಗಿದ್ದವು. ಪೈಯಸ್ ಎರಡು ಡಬ್ಬಿ ತಂದ. ಗೌತಮಿ ಬೆಂಚಿನ ಮೇಲೆ ತನ್ನ ಬುತ್ತಿ ಬಿಚ್ಚಿದಳು. ಚಪಾತಿ, ಮೊಸರು, ದಾವಣಗೆರೆಯಿಂದ ಬಂದ ಶೇಂಗಾ ಚಟ್ನಿಪುಡಿ.

ಬೀಟ್ರಿಸ್ ಕಡ್ಡಿಯಲ್ಲಿ ಒಂದು ಕುಬೆ ಚುಚ್ಚಿ ಬಾಯಿಗಿಟ್ಟಳು. ಹುಳಿ ಬಂತು, ಉಪ್ಪು ಬಂತು, ಮೆಣಸಿನಪುಡಿಯ ಚುರುಕು ಬಂತು. ಹಲ್ಲಿಗೆ ಅದೇ ಹಳೆಯ ಮೆದುವಾದ ಗಟ್ಟಿತನ. ಆಮೇಲೆ ಬರಬೇಕಾದ್ದು, ಹೊಳೆಬಾಯಿಯದ್ದು, ಬರಲಿಲ್ಲ. ಬಂದೀತೇನೋ ಎಂದು ಅವಳು ಕಣ್ಣುಮುಚ್ಚಿ ಕಾದಳು. ಅಷ್ಟರಲ್ಲಿ ಗಾಳಿ ತಿರುಗಿತು. ಬಿಸಿಲಿಗೆ ಬೆಂದ ಕೆಸರಿನ ಮೇಲಿಂದ ಹಾದು ನೇರ ಬೆಂಚಿಗೆ ಬಡಿಯಿತು. ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಹುಡುಗಿ ಮೂಗು ಹಿಡಿದುಕೊಂಡು ಅಮ್ಮನ ಹಿಂದೆ ಓಡಿದಳು. ಪೈಯಸ್ ಕರವಸ್ತ್ರ ಎಳೆದ. ಗೌತಮಿ ಟೀಶರ್ಟಿನ ಕತ್ತನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡಳು. ಬೀಟ್ರಿಸ್ ಕೆನ್ನೆಗೆ ತಾಗಿದ ತಂಪಿಗೆ ಮುಖವೊಡ್ಡಿ, “ಆಹಾ, ಎಂಥ ಒಳ್ಳೆ ಗಾಳಿ! ನಮ್ಮ ಊರಿನ ಹಾಗೆಯೇ ಉಂಟು” ಎಂದಳು.

ಗೌತಮಿ ಕಣ್ಣರಳಿಸಿ ಅತ್ತೆಯನ್ನು ನೋಡಿದಳು. ಪೈಯಸ್‌ನ ಕರವಸ್ತ್ರ ಗಕ್ಕನೆ ಜೇಬಿಗೆ ಹೋಯಿತು. “ಹೌದೌದು, ಭಾರೀ ಒಳ್ಳೆ ಗಾಳಿ” ಎಂದು ಎದೆಯುಬ್ಬಿಸಿ ಒಂದು ದೀರ್ಘ ಉಸಿರು ಎಳೆದ. ಪಾಪ, ಕಣ್ಣಲ್ಲಿ ನೀರು ಬಂತು. “ನಾನು... ನಾನು ಒಂದು ಟೀ ತರ್ತೇನೆ” ಎನ್ನುತ್ತ ಬೀದಿಯ ಆ ತುದಿಗೆ ಹೆಚ್ಚುಕಡಿಮೆ ಓಡಿಯೇಹೋದ.

ಗೌತಮಿಯ ಕೆಲಸವೇ ತಪ್ಪು ಹುಡುಕುವುದು. ಬೇರೆಯವರು ಬರೆದ ಸಾಫ್ಟ್‌ವೇರನ್ನು ಹಿಂದೆಮುಂದೆ ಜಗ್ಗಾಡಿ, ಎಲ್ಲಿ ಬಿರುಕಿದೆ ಎಂದು ನೋಡುವುದಕ್ಕೇ ಆಫೀಸಿನಲ್ಲಿ ಅವಳನ್ನು ಇಟ್ಟುಕೊಂಡಿರುವುದು. ಅವಳು ಬೆಂಚಿನ ಮೇಲೆ ಹತ್ತಿರ ಸರಿದಳು.

“ಅತ್ತೆ, ಒಂದ್ ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ. ನಿಮಗೆ ವಾಸನೆ ಗೊತ್ತಾಗಲ್ವಾ?”

“ಗೊತ್ತಾಗದೆ ಎಂಥ? ಎಲ್ಲ ಗೊತ್ತಾಗ್ತದೆ.”

“ಹಾಗಾದ್ರೆ ಕಣ್ಮುಚ್ಚಿ.”

ಬೀಟ್ರಿಸ್ ಕಣ್ಣು ಮುಚ್ಚಿದಳು. ಮೂಗಿನ ಕೆಳಗೆ ಏನೋ ಬಂದು ನಿಂತಿತು. ಚಟ್ನಿಪುಡಿಯೋ ಮೊಸರೋ, ಬರೀ ಖಾಲಿ ಬೆರಳೋ! ಉಸಿರೆಳೆದಳು. ತಂಪಾದ ಗಾಳಿ ಒಳಗೆ ಹೋಯಿತು, ಅಷ್ಟೆ. ಹೇಳಿಬಿಡು, ಬಾಯಿಗೆ ಬಂದ ಒಂದು ಹೆಸರು ಹೇಳಿಬಿಡು ಎಂದು ತನಗೆ ತಾನೇ ಅಂದುಕೊಂಡಳು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿದು ಗಲ್ಲದ ತನಕ ಬಂತು.

“ಯಾವಾಗಿಂದ ಅತ್ತೆ?” ಎಂದಳು ಗೌತಮಿ ಮೆಲ್ಲಗೆ.

“ಹೋದ ವರ್ಷಕ್ಕಿಂತ ಮೊದಲಿನ ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಅಂದಿನಿಂದ.”

“ಅಷ್ಟ್ ದಿನದಿಂದ! ಒಬ್ರಿಗಾದ್ರೂ ಹೇಳಬಾರದಾ?”

“ಎಂಥ ಹೇಳುದು? ಹೇಳುವ ಮೊದಲೇ ನಿಂಗೆ ಗೊತ್ತಾಗಿತ್ತಲ್ಲ!” ಬೀಟ್ರಿಸ್‌ಳ ದನಿ ತಾನಾಗಿ ಮೇಲೇರಿತು. “ನೀನೇ ಅಲ್ವಾ ಬಾಗಿಲಲ್ಲಿ ನಿಂತು ಹೇಳಿದ್ದು, ಲಿಫ್ಟಿನವರೆಗೂ ವಾಸನೆ ಬರ್ತದೆ ಅಂತ? ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಮಗಾ. ನೀನು ಇದ್ದದ್ದು ಹೇಳಿದಿ. ಇವರು ನೋಡಿದ್ರೆ ಲಾಯ್ಕ್ ಲಾಯ್ಕ್ ಅಂತ ಬಾಯಿ ಮುಚ್ಚಿಸಿದ್ರು.”

“ಹೌದು, ಹೇಳಿದ್ದೆ. ಬರ್ತಿತ್ತಲ್ಲ? ಅದ್ರಲ್ಲಿ ಸಿಟ್ಟೇನು?”

“ಮಾಡಿದ ಅಡುಗೆ ವಾಸನೆ ಬರ್ತದೆ ಅಂದ್ರೆ ಮಾಡಿದವಳಿಗೆ ಎಂಥ ಆಗ್ಬೇಕು? ಕರಟಿತ್ತಾ, ಹಾಳಾಗಿತ್ತಾ, ಅದೂ ನಂಗೆ ಗೊತ್ತಿಲ್ಲ!”

ಗೌತಮಿಯ ಕೈಯಲ್ಲಿದ್ದ ಚಪಾತಿ ಹಾಗೇ ನಿಂತಿತು. “ಹಾಳಾಗಿತ್ತು ಅಂತ ಯಾರ್ ಹೇಳಿದ್ರು ಅತ್ತೆ? ಒಳ್ಳೆ ವಾಸನೆ! ಬಾಯಲ್ಲಿ ನೀರ್ ಬರೋಂಥ ವಾಸನೆ! ನಾನ್ ತಿನ್ನಲ್ಲ, ಆದ್ರೂ ಆ ಮಸಾಲೆ ಹುರಿಯೋ ವಾಸನೆಗೇ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಳೋದು ನಾನು.”

“ಒಳ್ಳೇದಾದ್ರೆ ಪರಿಮಳ ಅಲ್ವಾ?” ಎಂದಳು ಬೀಟ್ರಿಸ್.

“ಪರಿಮಳ ಅಂದ್ರೆ ಊದುಬತ್ತಿದು, ಮಲ್ಲಿಗೆ ಹೂವಿಂದು. ಮಸಾಲೆಗೆ ಯಾರಾದ್ರೂ ಪರಿಮಳ ಅಂತಾರಾ?”

“ನಮ್ಮಲ್ಲಿ ಸಾರಿಗೂ ಪರಿಮಳವೇ, ಹುರಿದ ಮೀನಿಗೂ ಪರಿಮಳವೇ. ವಾಸನೆ ಅಂದ್ರೆ ಚರಂಡಿಯದ್ದು. ಈಗ ಇಲ್ಲಿ ಬರ್ತಾ ಉಂಟಲ್ಲ, ನೀವೆಲ್ಲ ಮೂಗು ಮುಚ್ಚಿಕೊಂಡದ್ದು, ಅದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ವರ್ಷ! ಮೀನು ಬಿಟ್ಟು, ಮಸಾಲೆ ಬಿಟ್ಟು, ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ನರಳಿದ ಒಂದು ಇಡೀ ವರ್ಷ, ಉಡುಪಿಗೂ ದಾವಣಗೆರೆಗೂ ನಡುವೆ ಜಾರಿಬಿದ್ದ ಒಂದು ಮಾತಿನಿಂದ. ಮೊದಲು ನಕ್ಕವಳು ಬೀಟ್ರಿಸ್. ಕಣ್ಣಲ್ಲಿ ಇನ್ನೂ ನೀರಿದ್ದಾಗಲೇ, ಹೊಟ್ಟೆ ಹಿಡಿದುಕೊಂಡು, ಬೆಂಚು ಅಲ್ಲಾಡುವ ಹಾಗೆ ನಕ್ಕಳು. “ಅಯ್ಯೋ ದೇವರೇ, ಗೂಬೆ ನಾನು!” ಎಂದಳು.

ನಗು ಇಳಿದ ಮೇಲೆ ಅವಳ ಮುಖ ಮತ್ತೆ ಸಣ್ಣಗಾಯಿತು. “ಆದ್ರೂ ಇನ್ನು ಮಾಡ್ಲಿಕ್ಕೆ ನಂಗೆ ಹೆದರಿಕೆ ಗೌತಮಿ. ಆ ದಿನ ಹೇಗೋ ಸರಿ ಆಗಿದೆ. ಮೂಗಿಲ್ಲದೆ ಎಷ್ಟು ದಿನ ಅಂದಾಜಿನಲ್ಲಿ ನಡಿತದೆ?”

“ಮೂಗ್ ನಂದಿದೆಯಲ್ಲ.”

“ನೀನು ಒಳಗೆ ಬರುದಿಲ್ಲ. ಬಾಗಿಲಲ್ಲೇ ನಿಲ್ಲುದು.”

“ನೀವು ಕರೆದೇ ಇಲ್ವಲ್ಲ ಅತ್ತೆ.”

ಸೊಸೆಗೆಂದು ಬೇರೆ ಬಾಣಲೆ ಇಟ್ಟವಳು, ಅದಕ್ಕೆ ಮೀನಿನ ಸೌಟು ತಾಗದ ಹಾಗೆ ಕಾದವಳು ಬೀಟ್ರಿಸ್ಸೇ. ಪಾಪದ ಹುಡುಗಿಗೆ ತೊಂದರೆಯಾಗಬಾರದು ಎಂದು ಒಂದು ದಿನವೂ ಒಳಗೆ ಕರೆದಿರಲಿಲ್ಲ. ಅವಳು ಸೊಸೆಯ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

ಪೈಯಸ್ ವಾಪಸ್ ಬಂದಾಗ ಕೈಯಲ್ಲಿ ಟೀ ಇರಲಿಲ್ಲ. ಜಾಕೆಟ್ ತೆರೆದುಕೊಂಡಿತ್ತು. ಅದರೊಳಗಿನಿಂದ ಹೊರಬಂದ ನೀಲಿ ಬ್ಯಾಗ್ ತುಂಬಿ, ಮೂಲೆಯಿಂದ ಐಸ್ ನೀರು ತೊಟ್ಟಿಕ್ಕುತ್ತಿತ್ತು.

“ಇದು ಎಲ್ಲಿಂದ ಬಂತು?” ಎಂದಳು ಬೀಟ್ರಿಸ್.

“ವಾಷಿಂಗ್ ಮೆಷಿನ್ನಿನ ಹಿಂದಿನಿಂದ” ಎಂದ ಪೈಯಸ್, ಬೈಗುಳಕ್ಕೆ ತಯಾರಾಗಿ ನಿಂತ ಮುಖದಲ್ಲಿ. “ನೋಡು, ಟೂಟಿಂಗಿನದ್ದು ನಂಗೆ ಬೇಡ. ಕರಟಿದ್ರೆ ಕರಟಲಿ, ಉಪ್ಪಾದ್ರೆ ಉಪ್ಪಾಗಲಿ. ನಂಗೆ ನಿನ್ನದೇ ಬೇಕು.”

“ಮೂಗಿನ ವಿಷಯ ನಿಮಗೆ ಗೊತ್ತಿತ್ತಾ?”

“ಹಾಲು ಅಡಿ ಹಿಡಿದು ಇಡೀ ಫ್ಲಾಟ್ ನಾರ್ತಾ ಉಂಟು, ನೀನು ಒಲೆ ಪಕ್ಕದಲ್ಲೇ ಕೂತು ಹಾಡು ಹೇಳ್ಕೊಂಡು ಬಟ್ಟೆ ಮಡಚ್ತಾ ಇದ್ದಿ. ನಂಗೇನು ಕಣ್ಣಿಲ್ವಾ?”

“ಮತ್ತೆ ಸುಕ್ಕ ಲಾಯ್ಕ್ ಅಂತ ಹೊಗಳಿದ್ದು ಯಾಕೆ?”

“ಲಾಯ್ಕ್ ಇತ್ತು, ಅದಕ್ಕೆ. ಯಾವಾಗಿನ ಹಾಗೆ ಸುಮ್ಮನೆ ಕೂತ್ರೆ ನಿಂಗೆ ಹೆದರಿಕೆ ಆಗ್ಬಹುದು, ಚೂರು ಧೈರ್ಯ ಬರ್ಲಿ ಅಂತ ಬಾಯಿಬಿಟ್ಟು ಹೇಳಿದೆ.”

“ಅಯ್ಯೋ ಮಾರಾಯ್ರೆ, ಇದ್ದ ಧೈರ್ಯ ಹೋದದ್ದೇ ಅದರಿಂದ!” ಎಂದು ಬೀಟ್ರಿಸ್ ಹಣೆ ಚಚ್ಚಿಕೊಂಡಳು. ಗೌತಮಿ ಇಬ್ಬರ ನಡುವೆ ಕೂತು ಚಪಾತಿ ಮುಗಿಸಿದಳು. ರೈಲು ಹತ್ತಿದ ಮೇಲೆ ಬ್ಯಾಗು ಪೈಯಸ್‌ನ ತೊಡೆಯ ಮೇಲೆಯೇ ಇತ್ತು. ಪ್ಯಾಂಟು ಒದ್ದೆಯಾದರೂ ಕೆಳಗಿಡಲು ಒಪ್ಪಲಿಲ್ಲ.

ಸಂಜೆ ಫ್ಲಾಟಿನ ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಬೀಟ್ರಿಸ್ ಬಿಸ್ಕಿಟಿನ ಡಬ್ಬಿ ತೆಗೆದು ಚಿಪ್ಪುಗಳನ್ನು ಬಿಸಿನೀರಿಗೆ ಹಾಕಿದಳು. ಗೌತಮಿ ಎಂದಿನಂತೆ ಬಾಗಿಲಿಗೆ ಬಂದು ನಿಂತಳು.

“ಒಳಗೆ ಬಾ” ಎಂದಳು ಬೀಟ್ರಿಸ್.

ಗೌತಮಿ ಬಂದಳು. ಕುಬೆ ತೊಳೆಯುವಷ್ಟು ಹೊತ್ತು ಮುಖವನ್ನು ಕಿಟಕಿಯ ಹೊರಗಿಟ್ಟು ನಿಂತಳು, ಕುಬೆಯನ್ನು ಮುಚ್ಚಿಟ್ಟ ಮೇಲೆ ಒಲೆಯ ಹತ್ತಿರ ಬಂದಳು. ಬಾಣಲೆಯಲ್ಲಿ ಒಣಮೆಣಸು, ಕೊತ್ತಂಬರಿ, ಜೀರಿಗೆ ಬಿತ್ತು. ಬೀಟ್ರಿಸ್ ಸೌಟಾಡಿಸಿದಳು.

“ಎಂಥ ಬರ್ತದೆ?”

“ಇನ್ನೂ ಹಸಿ ಅತ್ತೆ... ಇರಿ... ಇರಿ...” ಗೌತಮಿ ಬಾಣಲೆಯ ಮೇಲೆ ಬಗ್ಗಿ ಮೂಗು ಹಿಗ್ಗಿಸಿದಳು. “ಈಗ! ಈಗ ನಮ್ಮವ್ವ ಸಾರಿನಪುಡಿ ಮಾಡೋ ದಿನದ ತರ ಬಂತು. ತೆಗೀರಿ, ತೆಗೀರಿ!”

ಬೀಟ್ರಿಸ್ ಒಲೆ ಆರಿಸಿದಳು. ಆಮೇಲೆ ಬೆಳ್ಳುಳ್ಳಿಯ ಜೊತೆ ಕಾಯಿತುರಿ. ಅದಕ್ಕೆ ಗೌತಮಿ ಹೇಳಿದ್ದು ಬೇರೆ ಹೋಲಿಕೆ. ಮೊದಲು ಹಾಲಿನ ಹಾಗೆ, ಆಮೇಲೆ ಒಬ್ಬಟ್ಟಿನ ಹೂರಣದ ಹಾಗೆ, ಆಮೇಲೆ “ಸಾಕು ಅತ್ತೆ, ಇನ್ನು ಬಿಟ್ರೆ ಸುಟ್ಟೋಗುತ್ತೆ.” ತನಗೆ ಬಾರದ ಪರಿಮಳವನ್ನು ಬೀಟ್ರಿಸ್ ಸೊಸೆಯ ಬಾಯಿಂದ ಒಂದೊಂದಾಗಿ ಕೇಳಿಸಿಕೊಂಡಳು. ಅವಳು ಒಬ್ಬಟ್ಟು ತಿಂದಿದ್ದು ಕಡಿಮೆ, ಆದರೂ ಗುರುತು ಸಿಕ್ಕಿತು.

ಎಲ್ಲ ತರಿತರಿಯಾಗಿ ರುಬ್ಬಿ, ಮಿಕ್ಸಿಯ ಮುಚ್ಚಳ ತೆಗೆದಾಗ ಗೌತಮಿ ಹುಬ್ಬು ಗಂಟಿಕ್ಕಿದಳು. “ಅತ್ತೆ, ಏನೋ ಒಂದ್ ಕಡಿಮೆ ಇದೆ. ಪ್ರತಿ ಸಲ ಬರೋದು ಇವತ್ತು ಬರ್ತಿಲ್ಲ.”

“ಎಂಥದ್ದು?”

“ಹೆಸರು ಗೊತ್ತಿಲ್ಲ. ಕೊನೆಗೆ ಬರುತ್ತೆ. ಚೂರು ಕಹಿ ಕಹಿ, ಮೂಗಿನ ತುದೀಲಿ.”

ಬೀಟ್ರಿಸ್ ಒಂದು ಕ್ಷಣ ನಿಂತು, ಎರಡೂ ಕೈ ಎತ್ತಿ ಕೂಗಿಯೇಬಿಟ್ಟಳು. “ಮೆಂತೆ! ಮೆಂತೆ ಹಾಕ್ಲಿಲ್ಲ ನಾನು!” ಒಂದು ವರ್ಷ ಕೈ ಬಿಟ್ಟದ್ದರಿಂದ ಮರೆತುಹೋಗಿತ್ತು. ಚಿಟಿಕೆ ಮೆಂತೆ ಹುರಿದು ಕುಟ್ಟಿ ಬೆರೆಸಿದಳು. ಕುಬೆ ಬಿತ್ತು, ಚಿಪ್ಪು ಬಿತ್ತು, ಕೊನೆಗೆ ತೆಂಗಿನೆಣ್ಣೆಯಲ್ಲಿ ಕರಿಬೇವು ಚಟಪಟ ಎಂದಿತು. ಹಾಲ್‌ನಲ್ಲಿ ಟೀವಿಯ ಮುಂದೆ ಕೂತಿದ್ದ ಪೈಯಸ್ ಶಬ್ದ ಸಣ್ಣ ಮಾಡಿದ.

“ಗೌತಮಿ, ಲಿಫ್ಟಿನ ಹತ್ತಿರ ಹೋಗಿ ನೋಡು” ಎಂದಳು ಬೀಟ್ರಿಸ್.

ಗೌತಮಿ ಚಪ್ಪಲಿ ಕೂಡ ಹಾಕದೆ ಕಾರಿಡಾರಿನಲ್ಲಿ ಓಡಿದಳು. ಬೀಟ್ರಿಸ್ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಕಾರಿಡಾರಿನ ಕೊನೆಯಲ್ಲಿ, ಮುಚ್ಚಿದ ಲಿಫ್ಟಿನ ಮುಂದೆ ಹುಡುಗಿ ಕತ್ತೆತ್ತಿ ಉಸಿರೆಳೆಯುವುದು ಕಾಣಿಸಿತು.

“ಅತ್ತೆ!” ಅವಳು ಅಲ್ಲಿಂದಲೇ ಕೂಗಿದಳು. “ಲಿಫ್ಟ್‌ವರೆಗೂ ವಾಸನೆ!”

“ಅಷ್ಟು ಜೋರಾಗಿ ಹೇಳ್ಬೇಡ, ಜನ ಕೇಳ್ತಾರೆ” ಎಂದಳು ಬೀಟ್ರಿಸ್, ಹಿಗ್ಗು ತಡೆಯಲಾರದೆ.

ಪೈಯಸ್‌ಗೆ ಕುಚ್ಚಲಕ್ಕಿ ಅನ್ನ ಬಡಿಸಿ, ಪಕ್ಕದಲ್ಲಿ ಸುಕ್ಕ ಸುರಿದು, ಬೀಟ್ರಿಸ್ ಅಡುಗೆಮನೆಗೆ ಮರಳಿದಳು. ಅವನ ಎದುರಿಗೆ ಕೂರುವ ಧೈರ್ಯ ಅವಳಿಗಿರಲಿಲ್ಲ. ಸೊಸೆಯ ಬಾಣಲೆಯಲ್ಲಿ ಹೀರೇಕಾಯಿ ಪಲ್ಯ ಬೆಚ್ಚಗಾಗುತ್ತಿತ್ತು, ಅದನ್ನು ಸುಮ್ಮನೆ ತಿರುವುತ್ತ ನಿಂತಳು. ಕಿವಿಯೆಲ್ಲ ಹಾಲ್‌ನ ಕಡೆಗೆ. ಈಗ ಲಾಯ್ಕ್ ಅನ್ನುತ್ತಾನೆ, ಈಗ ಅನ್ನುತ್ತಾನೆ. ಕುರ್ಚಿ ಕಿರ್ರೆಂದಿತು. ಟೀವಿ ಪೂರ್ತಿ ಆರಿತು. ಪೈಯಸ್‌ನಿಂದ ಒಂದು ಮಾತೂ ಬರಲಿಲ್ಲ.

ಗೌತಮಿಗೆ ತಡೆಯಲಾಗಲಿಲ್ಲ. “ಮಾವ, ಹೇಗಿ—” ಎಂದು ಬಾಯಿ ತೆರೆಯುವಷ್ಟರಲ್ಲಿ ಬೀಟ್ರಿಸ್ ಮಸಾಲೆಯ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು.

ತಟ್ಟೆಗೆ ಒಂದು ಚಿಪ್ಪು ಬಿತ್ತು, ಟಕ್ ಎಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಅದರ ಮೇಲೆ ಮತ್ತೊಂದು. ಇಬ್ಬರು ಹೆಂಗಸರೂ ಒಲೆಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತು, ಚಿಪ್ಪುಗಳು ಬೀಳುವುದನ್ನೇ ಕೇಳುತ್ತಿದ್ದರು.